ವರ್ಚುವಲ್ ಕೊಲೊನೋಸ್ಕೋಪಿ

ವರ್ಚುವಲ್ ಕೊಲೊನೋಸ್ಕೋಪಿ ಎಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಇಳಿಸದೆ, ಸಿ.ಟಿ. ಸ್ಕ್ಯಾನಿನ ಚಿತ್ರಗಳಿಂದ ಕರುಳಿನ ಒಳಗೋಡೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಂಡು ನೋಡುವ ಪರೀಕ್ಷೆ. ವೈದ್ಯರ ನಡುವೆ ಸಿ.ಟಿ. ಕೊಲೊನೋಗ್ರಫಿ ಎಂಬ ಹೆಸರೇ ಹೆಚ್ಚು ರೂಢಿ; ಚೀಟಿಯಲ್ಲಿ ಯಾವ ಹೆಸರಿದ್ದರೂ ಪರೀಕ್ಷೆ ಒಂದೇ. ಯಾವ ತೊಂದರೆಯೂ ಇಲ್ಲದ ಮಧ್ಯವಯಸ್ಕರ ಕರುಳಿನಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್‌ಗಳನ್ನು ಮೊದಲೇ ಹುಡುಕುವುದು ಇದರ ಮುಖ್ಯ ಉಪಯೋಗ. ಪಾಲಿಪ್ ಇದ್ದರೆ ಇದು ತೋರಿಸಬಲ್ಲದು, ಕತ್ತರಿಸಿ ತೆಗೆಯಲಾರದು. ರೋಗಿ ತಿಳಿದಿರಬೇಕಾದ ಸಂಗತಿಗಳಲ್ಲಿ ಬಹುಪಾಲು ಈ ಒಂದು ಮಿತಿಯಿಂದಲೇ ಹುಟ್ಟುತ್ತವೆ.

ಹುಡುಕುವುದು ಏನನ್ನು

ದೊಡ್ಡಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಅದರ ಒಳಪದರದಲ್ಲಿ ವಯಸ್ಸಾದಂತೆ ಸಣ್ಣ ಗಂಟುಗಳು ಏಳುವುದು ಸಾಮಾನ್ಯ. ಇವೇ ಪಾಲಿಪ್‌ಗಳು. ಇವುಗಳಲ್ಲಿ ಅಡಿನೋಮಾ ಎಂಬ ಬಗೆಯವು ಕೆಲವು ನಿಧಾನವಾಗಿ ಬೆಳೆದು, ಹತ್ತು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರ್ ಆಗಿ ತಿರುಗಬಹುದು. ಬಹಳಷ್ಟು ಪಾಲಿಪ್‌ಗಳು ಹಾಗೆ ತಿರುಗುವುದೇ ಇಲ್ಲ. ಯಾವುದು ತಿರುಗುತ್ತದೆ, ಯಾವುದು ಸುಮ್ಮನಿರುತ್ತದೆ ಎಂದು ಅಂದಾಜು ಮಾಡಲು ಸಿಗುವ ಮೊದಲ ಸುಳಿವು ಅದರ ಗಾತ್ರ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕ ಪಾಲಿಪ್‌ನಲ್ಲಿ ಕ್ಯಾನ್ಸರ್ ಇರುವುದು ತೀರಾ ಅಪರೂಪ. 10 ಮಿಲಿಮೀಟರ್ ದಾಟಿದರೆ ಅದನ್ನು ಬಿಡುವಂತಿಲ್ಲ. ನಡುವಿನ 6ರಿಂದ 9 ಮಿಲಿಮೀಟರಿನವು ಚರ್ಚೆಗೆ ಒಳಗಾಗುವಂಥವು. ಈ ಮೂರು ಗೆರೆಗಳನ್ನು ನೆನಪಿಟ್ಟುಕೊಂಡರೆ ಮುಂದೆ ವರದಿ ಕೈಗೆ ಬಂದಾಗ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಈ ಪರೀಕ್ಷೆಯನ್ನು ಅಳೆದು ನೋಡುವುದು ಯಾವಾಗಲೂ ಕರುಳಿನೊಳಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡುವ ಮಾಮೂಲಿ ಕೊಲೊನೋಸ್ಕೋಪಿಯ ಪಕ್ಕದಲ್ಲಿಟ್ಟು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವೂಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು ಕೊಲೊನೋಸ್ಕೋಪಿನ ತುದಿಯಿಂದ ತಂತಿಯ ಕುಣಿಕೆ ಬಿಟ್ಟು ಪಾಲಿಪ್ ಕತ್ತರಿಸುವ ವಿಧಾನವನ್ನು ಜಾರಿಗೆ ತಂದರು. ಅಂದಿನಿಂದ ಆ ಉಪಕರಣ ನೋಡುತ್ತಲೂ ಇದೆ, ತೆಗೆಯುತ್ತಲೂ ಇದೆ.

ಹುಟ್ಟು ಮತ್ತು ಜಗಳ

1989ರ ಹೊತ್ತಿಗೆ ಸುರುಳಿ ಸಿ.ಟಿ. ಯಂತ್ರಗಳು ಬಳಕೆಗೆ ಬಂದವು. ರೋಗಿ ಒಮ್ಮೆ ಉಸಿರು ಬಿಗಿಹಿಡಿದಷ್ಟರಲ್ಲಿ ಇಡೀ ಹೊಟ್ಟೆಯ ಚಿತ್ರ ತೆಗೆಯುವುದು ಸಾಧ್ಯವಾದದ್ದು ಇವುಗಳಿಂದ. ಅಮೆರಿಕದ ಉತ್ತರ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ರೇಡಿಯಾಲಜಿಸ್ಟ್ ಡೇವಿಡ್ ವೈನಿಂಗ್ 1994ರಲ್ಲಿ ಅಂಥ ಚಿತ್ರಗಳನ್ನು ಜೋಡಿಸಿ, ಕರುಳಿನೊಳಗೆ ಹಾರುತ್ತಾ ಸಾಗಿದಂತೆ ಕಾಣುವ ಚಲನಚಿತ್ರವನ್ನು ಸಹೋದ್ಯೋಗಿಗಳ ಮುಂದಿಟ್ಟರು. ಅದುವರೆಗೆ ಕರುಳಿನ ಕ್ಷ-ಕಿರಣ ಪರೀಕ್ಷೆ ಎಂದರೆ ಗುದದ್ವಾರದಿಂದ ಬೇರಿಯಂ ದ್ರವ ತುಂಬಿ ಚಿತ್ರ ತೆಗೆಯುವ ಬೇರಿಯಂ ಎನಿಮಾ ಎಂದೇ ಲೆಕ್ಕ.

ಚಿತ್ರ ಚೆಂದವಿತ್ತು, ಪಾಲಿಪ್ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮುಂದಿನ ಹತ್ತು ಹದಿನೈದು ವರ್ಷ ವೈದ್ಯರು ಇದರ ಮೇಲೆ ಕಿತ್ತಾಡಿದರು. 2003ರ ಡಿಸೆಂಬರಿನಲ್ಲಿ ಪೆರಿ ಪಿಕ್‌ಹಾರ್ಟ್ ಮತ್ತು ಸಂಗಡಿಗರು ಅಮೆರಿಕದ ಮೂರು ಸೇನಾ ವೈದ್ಯಕೀಯ ಕೇಂದ್ರಗಳಲ್ಲಿ 1,233 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ಒಂದೇ ದಿನ ಎರಡೂ ಪರೀಕ್ಷೆ ಮಾಡಲಾಗಿತ್ತು. 10 ಮಿಲಿಮೀಟರ್ ಮತ್ತು ಅದಕ್ಕೂ ದೊಡ್ಡ ಅಡಿನೋಮಾ ಇದ್ದವರಲ್ಲಿ ಶೇ. 93.8 ಜನರನ್ನು ವರ್ಚುವಲ್ ಪರೀಕ್ಷೆ ಗುರುತಿಸಿತು. ಮಾಮೂಲಿ ಕೊಲೊನೋಸ್ಕೋಪಿ ಮೊದಲ ನೋಟದಲ್ಲಿ ಗುರುತಿಸಿದ್ದು ಶೇ. 87.5. ಪತ್ರಿಕೆಗಳು ಹಿಗ್ಗಿದವು. ನಾಲ್ಕೇ ತಿಂಗಳಲ್ಲಿ, 2004ರಲ್ಲಿ, ಪೀಟರ್ ಕಾಟನ್ ಮತ್ತಿತರರು ಹಲವು ಆಸ್ಪತ್ರೆಗಳ 615 ಮಂದಿಯ ಲೆಕ್ಕ ಕೊಟ್ಟರು. ಅಲ್ಲಿ ಅಷ್ಟೇ ದೊಡ್ಡ ಪಾಲಿಪ್ ಸಿಕ್ಕಿದ್ದು ಬರೀ ಶೇ. 55ರಷ್ಟು ಜನರಲ್ಲಿ.

ಒಂದೇ ಪರೀಕ್ಷೆ, ಎರಡು ಫಲಿತಾಂಶ. ರೋಗಿ ಮನಸ್ಸಿಟ್ಟು ಓದಬೇಕಾದದ್ದು ಇದನ್ನೇ. ಪಿಕ್‌ಹಾರ್ಟ್ ತಂಡ ಕರುಳಿನಲ್ಲಿ ಉಳಿದ ಮಲಕ್ಕೂ ನೀರಿಗೂ ಗುರುತಿನ ಔಷಧ ಹತ್ತಿಸಿ, ಚಿತ್ರದಲ್ಲಿ ಅವನ್ನು ಬೇರ್ಪಡಿಸಿತ್ತು; ಮೂರು ಆಯಾಮದ ನೋಟವನ್ನೇ ಮುಖ್ಯವಾಗಿ ನೆಚ್ಚಿತ್ತು. ಎರಡನೆಯ ಅಧ್ಯಯನದ ಬಹಳಷ್ಟು ಕೇಂದ್ರಗಳಿಗೆ ಈ ವಿಧಾನದಲ್ಲಿ ಅನುಭವವೇ ಕಡಿಮೆ, ಅಲ್ಲಿ ಮಲಕ್ಕೆ ಗುರುತು ಹಾಕುವ ಪದ್ಧತಿಯೂ ಇರಲಿಲ್ಲ. ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ ಕರುಳನ್ನು ಹೇಗೆ ಅಣಿಗೊಳಿಸಿದರು, ಚಿತ್ರವನ್ನು ಯಾರು ಓದಿದರು ಎಂಬುದೇ ನಿರ್ಣಾಯಕ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. 2008ರಲ್ಲಿ 15 ಕೇಂದ್ರಗಳ, 2,531 ಜನರ ರಾಷ್ಟ್ರೀಯ ಅಧ್ಯಯನ ಪ್ರಕಟವಾದಾಗ ಜಗಳ ಹೆಚ್ಚುಕಡಿಮೆ ತಣ್ಣಗಾಯಿತು. ಅದರಲ್ಲಿ ಚಿತ್ರ ಓದಿದವರೆಲ್ಲ ಮೊದಲು ತರಬೇತಿ ಪಡೆದು ಪಾಸಾದವರು, 10 ಮಿಲಿಮೀಟರ್ ಮತ್ತು ಮೇಲಿನ ಗಂಟುಗಳಲ್ಲಿ ಫಲಿತಾಂಶ ಶೇ. 90.

ಇನ್ನೊಂದು ಹೋಲಿಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು, 2007ರದು. ಒಂದು ಕಡೆ ವರ್ಚುವಲ್ ಮಾಡಿಸಿಕೊಂಡ 3,120 ಜನ, ಇನ್ನೊಂದು ಕಡೆ ನೇರ ಕೊಲೊನೋಸ್ಕೋಪಿಗೆ ಹೋದ 3,163 ಜನ. ಕ್ಯಾನ್ಸರ್ ಅಥವಾ ಅದರ ಹೊಸ್ತಿಲಲ್ಲಿದ್ದ ಗಂಟುಗಳು ಮೊದಲ ಗುಂಪಿನಲ್ಲಿ 123, ಎರಡನೆಯದರಲ್ಲಿ 121. ಆದರೆ ತೆಗೆದ ಪಾಲಿಪ್‌ಗಳು ಮೊದಲ ಗುಂಪಿನಲ್ಲಿ 561, ಎರಡನೆಯದರಲ್ಲಿ 2,434. ಕರುಳು ತೂತಾದದ್ದು ಕೊಲೊನೋಸ್ಕೋಪಿ ಗುಂಪಿನಲ್ಲಿ ಏಳು ಮಂದಿಗೆ, ವರ್ಚುವಲ್ ಗುಂಪಿನಲ್ಲಿ ಯಾರಿಗೂ ಇಲ್ಲ. ವರ್ಚುವಲ್ ಮಾಡಿಸಿಕೊಂಡವರಲ್ಲಿ ಶೇ. 7.9 ಜನರನ್ನು ಮಾತ್ರ ಮುಂದೆ ಕೊಲೊನೋಸ್ಕೋಪಿಗೆ ಕಳಿಸಬೇಕಾಯಿತು. ಹದಿಮೂರರಲ್ಲಿ ಒಬ್ಬರು ಎಂದುಕೊಳ್ಳಬಹುದು. ತಮ್ಮದು ಆ ಹದಿಮೂರನೆಯ ಸರದಿಯಾದರೆ ಕೊಲೊನೋಸ್ಕೋಪಿಗೆ ಒಪ್ಪುತ್ತೇನೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಏನಾದರೂ ಸರಿ ಕೊಲೊನೋಸ್ಕೋಪಿ ಬೇಡವೇ ಬೇಡ ಎನ್ನುವವರಿಗೆ ಈ ಸ್ಕ್ಯಾನಿನಿಂದ ಸಿಗುವುದು ಸಂಕಟ ಮಾತ್ರ.

ಹಿಂದಿನ ದಿನ

ಹೆಸರಿನಲ್ಲಿ ವರ್ಚುವಲ್ ಇದ್ದರೂ ಭೇದಿ ನಿಜವಾದದ್ದೇ. ಈ ಪರೀಕ್ಷೆಗೆ ಕರುಳು ತೊಳೆಯುವುದು ಬೇಡ ಎಂಬ ನಂಬಿಕೆ ಹೇಗೋ ಹಬ್ಬಿದೆ. ಅನೇಕರು ಕೊಲೊನೋಸ್ಕೋಪಿಗೆ ಹೆದರುವುದು ಕೊಳವೆಗಿಂತ ಆ ಭೇದಿಗೇ ಆದ್ದರಿಂದ ನಿರಾಶೆಯಾಗುವುದು ಸಹಜ. ಗೋಡೆಗೆ ಅಂಟಿದ ಮಲದ ಚೂರು ಸ್ಕ್ಯಾನಿನಲ್ಲಿ ಪಾಲಿಪ್‌ನಂತೆಯೇ ಕಾಣಬಹುದು. ಕೊಲೊನೋಸ್ಕೋಪಿ ಮಾಡುವವರು ನೀರು ಹಾಯಿಸಿ ತೊಳೆದು ನೋಡುತ್ತಾರೆ. ಸ್ಕ್ಯಾನ್ ಓದುವವರಿಗೆ ಆ ಅವಕಾಶವಿಲ್ಲ.

ಒಂದೆರಡು ದಿನ ಮೊದಲಿಂದ ನಾರಿನಂಶ ಕಡಿಮೆಯ ಊಟ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಉಸಲಿ, ಕೋಸಂಬರಿ, ಸೀಬೆಹಣ್ಣು ದೂರ. ಬಿಳಿ ಅನ್ನ, ಇಡ್ಲಿ, ಮೊಸರನ್ನ ಪರವಾಗಿಲ್ಲ. ಸಾಸಿವೆ, ಎಳ್ಳು, ಟೊಮೆಟೊ ಬೀಜದಂಥವೂ ಕರುಳಿನಲ್ಲಿ ಉಳಿಯುತ್ತವೆ, ಒಗ್ಗರಣೆ ಬಿಟ್ಟರೆ ಕ್ಷೇಮ. ಹಿಂದಿನ ದಿನ ಪೂರ್ತಿ ತಿಳಿ ದ್ರವಗಳು ಮಾತ್ರ: ಎಳನೀರು, ಸೋಸಿದ ತಿಳಿಸಾರು, ಹಾಲು ಹಾಕದ ಚಹಾ, ಗ್ಲೂಕೋಸ್ ನೀರು. ಹಾಲು, ಮಜ್ಜಿಗೆ ತಿಳಿದ್ರವದ ಲೆಕ್ಕಕ್ಕೆ ಬರುವುದಿಲ್ಲ. ಸಂಜೆ ಭೇದಿ ಔಷಧ. ಅದರ ಜೊತೆಗೋ ನಂತರವೋ ಗುರುತಿನ ಔಷಧ, ಅಂದರೆ ಅಯೋಡಿನ್ ಇರುವ ದ್ರವ, ಬೇರಿಯಂ, ಅಥವಾ ಎರಡೂ. ಅಳಿದುಳಿದ ಮಲಕ್ಕೆ ಇದು ಬೆರೆತು, ಚಿತ್ರದಲ್ಲಿ ಅದು ಬಿಳಿಚಿ ಹೊಳೆಯುತ್ತದೆ. ಪಾಲಿಪ್ ಮಾತ್ರ ಬೂದುಬಣ್ಣದಲ್ಲೇ ಉಳಿಯುತ್ತದೆ. ಸೋಂಪಿನ ವಾಸನೆಯ, ಬಾಯಿಗೆ ಅಂಟುವ ಈ ದ್ರವವನ್ನು ಸಿಂಕಿಗೆ ಸುರಿದು ಕುಡಿದೆ ಎಂದು ಹೇಳಿ ಬಂದರೆ ಸ್ಕ್ಯಾನ್ ಮಾಡಿದ ಮೇಲೆ ಗೊತ್ತಾಗದೆ ಇರುವುದಿಲ್ಲ.

ಭೇದಿ ಔಷಧದ ಆಯ್ಕೆ ವೈದ್ಯರದೇ ಆಗಿರಲಿ. ಸೋಡಿಯಂ ಫಾಸ್ಫೇಟ್ ಇರುವ ಔಷಧಗಳು ಕೆಲವರ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟೆಚ್ಚರ ಕೊಟ್ಟಿತ್ತು. ಕಿಡ್ನಿ ತೊಂದರೆ, ಹೃದಯದ ದೌರ್ಬಲ್ಯ ಇರುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಎಷ್ಟು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹಿಂದೆ ಅಯೋಡಿನ್ ಔಷಧಕ್ಕೆ ಮೈ ಕೆರೆತವೋ ಉಸಿರುಕಟ್ಟುವಿಕೆಯೋ ಆಗಿದ್ದರೆ ಅದನ್ನೂ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇಲ್ಲೊಂದು ಅನುಕೂಲವಿದೆ: ಏನನ್ನೂ ಕತ್ತರಿಸದ ಕಾರಣ ಅವನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ.

ಮೇಜಿನ ಮೇಲೆ

ಅರಿವಳಿಕೆ ಇಲ್ಲ, ಮಂಪರಿನ ಇಂಜೆಕ್ಷನ್ ಇಲ್ಲ. ಆದ್ದರಿಂದ ಮುಗಿದ ಮೇಲೆ ಕರೆದೊಯ್ಯಲು ಮನೆಯವರು ಬರಲೇಬೇಕೆಂದಿಲ್ಲ, ಕೆಲಸಕ್ಕೂ ಹೋಗಬಹುದು. ಎಡ ಮಗ್ಗುಲಿಗೆ ಮಲಗಿಸಿ, ಬೆರಳಿನಷ್ಟೂ ದಪ್ಪವಿಲ್ಲದ ಮೆತ್ತನೆಯ ನಳಿಕೆಯನ್ನು ಗುದದ್ವಾರದಲ್ಲಿ ಕೆಲವೇ ಸೆಂಟಿಮೀಟರ್ ಒಳಗೆ ಸೇರಿಸುತ್ತಾರೆ. ಅದರ ಮೂಲಕ ಅನಿಲ ತುಂಬಿ ಕರುಳನ್ನು ಉಬ್ಬಿಸುತ್ತಾರೆ. ಮುದುಡಿದ ಕರುಳಿನ ಮಡಿಕೆಯಲ್ಲಿ ಏನಿದ್ದರೂ ಕಾಣುವುದಿಲ್ಲ, ಅದಕ್ಕೇ ಈ ಉಬ್ಬರ. ಒಳ್ಳೆಯ ಕೇಂದ್ರಗಳಲ್ಲಿ ಒತ್ತಡವನ್ನು ತಾನೇ ನೋಡಿಕೊಳ್ಳುವ ಪಂಪಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅದು ಕರುಳಿನ ಗೋಡೆಯಿಂದ ರಕ್ತಕ್ಕೆ ಸೇರಿ, ಉಸಿರಿನಲ್ಲಿ ಬೇಗ ಹೊರಬೀಳುತ್ತದೆ. ಕೈಪಂಪಿನಿಂದ ಸಾದಾ ಗಾಳಿ ಊದಿದರೂ ಪರೀಕ್ಷೆ ನಡೆಯುತ್ತದೆ, ಆದರೆ ಹೊಟ್ಟೆಯುಬ್ಬರ ಹೆಚ್ಚು ಹೊತ್ತು ಕಾಡುತ್ತದೆ.

ಗ್ಯಾಸ್ ತುಂಬಿದ ಹಾಗೆ ಹಿಡಿತ, ಶೌಚಕ್ಕೆ ಅವಸರವಾದಂಥ ಅನುಭವ ಆಗುತ್ತದೆ. ಇದನ್ನು ಸಣ್ಣದೆಂದು ಬರೆಯುವ ಕರಪತ್ರಗಳನ್ನು ನಂಬಬೇಕಿಲ್ಲ. ಎಚ್ಚರವಿದ್ದೇ ಅನುಭವಿಸಬೇಕಾದ್ದರಿಂದ ಕೆಲವರಿಗೆ ಮಂಪರಿನಲ್ಲಿ ನಡೆಯುವ ಕೊಲೊನೋಸ್ಕೋಪಿಯೇ ಹಿತವೆನಿಸಿದ್ದುಂಟು. ಬ್ರಿಟನ್ನಿನಲ್ಲಿ ಕರುಳಿನ ಸೆಳೆತ ಇಳಿಸಲು ಬಸ್ಕೋಪಾನ್ ಇಂಜೆಕ್ಷನ್ ಕೊಡುವ ರೂಢಿಯಿದೆ. ಗ್ಲಾಕೋಮಾ, ಹೃದಯದ ಬಡಿತದ ತೊಂದರೆ ಇರುವವರು ಅದಕ್ಕೆ ಮುಂಚೆ ಹೇಳಿಬಿಡಬೇಕು. ಅಂಗಾತ ಮಲಗಿದಾಗ ಒಂದು ಸ್ಕ್ಯಾನ್, ಬೋರಲಾಗಿ ಒಂದು. ಪ್ರತಿ ಸಲವೂ ಕೆಲವು ಸೆಕೆಂಡು ಉಸಿರು ಹಿಡಿದರೆ ಆಯಿತು. ಎರಡು ಭಂಗಿ ಏಕೆಂದರೆ, ಮಗ್ಗುಲು ಬದಲಿಸಿದಾಗ ನೀರು ಮತ್ತು ಮಲ ಜಾಗ ಬದಲಿಸುತ್ತವೆ, ಪಾಲಿಪ್ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಬೋರಲು ಮಲಗಲಾರದ ವೃದ್ಧರನ್ನು ಮಗ್ಗುಲಿಗೆ ಮಲಗಿಸಿಯೂ ತೆಗೆಯುತ್ತಾರೆ. ಎಲ್ಲ ಸೇರಿ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ.

ರೋಗಿ ಮನೆಗೆ ಹೋದ ಮೇಲೆ ರೇಡಿಯಾಲಜಿಸ್ಟರ ಕೆಲಸ ಶುರು. ಒಂದು ಮಿಲಿಮೀಟರಿನ ಆಸುಪಾಸಿನ ತೆಳು ಹೋಳುಗಳಾಗಿ ಬಂದ ನೂರಾರು ಚಿತ್ರಗಳನ್ನು ಅವರು ಅಡ್ಡಡ್ಡಲಾಗಿಯೂ ನೋಡುತ್ತಾರೆ, ಮೂರು ಆಯಾಮದಲ್ಲಿ ಕರುಳಿನ ಈ ತುದಿಯಿಂದ ಆ ತುದಿಗೂ ಅಲ್ಲಿಂದ ಹಿಂದಕ್ಕೂ ಪಯಣಿಸುತ್ತಾರೆ. ಅನುಮಾನದ ಜಾಗಗಳಿಗೆ ಗುರುತು ಹಾಕಿಕೊಡುವ ಸಾಫ್ಟ್‌ವೇರುಗಳೂ ಬಂದಿವೆ.

ವರದಿ ಓದುವುದು

ವರದಿಯಲ್ಲಿ ಸಾಮಾನ್ಯವಾಗಿ ‘ಸಿ’ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. 2005ರಲ್ಲಿ ಪ್ರಕಟವಾಗಿ ಆಮೇಲೆ ಪರಿಷ್ಕಾರಗೊಂಡ ಸಿ-ರಾಡ್ಸ್ ಎಂಬ ಕ್ರಮ ಇದು. ಸಿ0 ಎಂದರೆ ಚಿತ್ರ ಸಾಲದು, ಕರುಳು ಸರಿಯಾಗಿ ತೊಳೆದಿಲ್ಲ ಅಥವಾ ಉಬ್ಬಿಲ್ಲ. ಸಿ1 ಎಂದರೆ 6 ಮಿಲಿಮೀಟರ್ ಮತ್ತು ಮೇಲಿನದು ಏನೂ ಇಲ್ಲ. ಐದು ವರ್ಷದ ನಂತರ ಬಂದರೆ ಸಾಕು. 6ರಿಂದ 9 ಮಿಲಿಮೀಟರಿನ ಒಂದೆರಡು ಪಾಲಿಪ್ ಇದ್ದರೆ ಸಿ2. ಇಲ್ಲಿ ಎರಡು ದಾರಿ: ಈಗಲೇ ಕೊಲೊನೋಸ್ಕೋಪಿ ಮಾಡಿಸಿ ತೆಗೆಸುವುದು, ಅಥವಾ ಮೂರು ವರ್ಷದೊಳಗೆ ಮತ್ತೆ ಸ್ಕ್ಯಾನ್ ಮಾಡಿಸಿ ಬೆಳೆದಿದೆಯೇ ಎಂದು ನೋಡುವುದು. 10 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡದೊಂದಿದ್ದರೆ, ಇಲ್ಲವೇ ನಡುಗಾತ್ರದವೇ ಮೂರೋ ಹೆಚ್ಚೋ ಇದ್ದರೆ ಸಿ3, ಕೊಲೊನೋಸ್ಕೋಪಿ ಬೇಕೇ ಬೇಕು. ಸಿ4 ಎಂದರೆ ಕ್ಯಾನ್ಸರಿನಂತೆ ಕಾಣುವ ಗಡ್ಡೆ. ಸರ್ಜನ್ನರ ಬಳಿ ಹೋಗುವ ಮಾತು.

5 ಮಿಲಿಮೀಟರ್ ಮತ್ತು ಅದಕ್ಕಿಂತ ಚಿಕ್ಕವನ್ನು ವರದಿಯಲ್ಲಿ ಬರೆಯುವುದೇ ಇಲ್ಲ. ರೋಗಿಗಳಿಗೆ ಇದು ಜೀರ್ಣವಾಗದ ಮಾತು: ಕಂಡದ್ದನ್ನು ಮುಚ್ಚಿಡುತ್ತಾರೆಯೇ? ಆ ಗಾತ್ರದಲ್ಲಿ ಸ್ಕ್ಯಾನ್ ಹೇಳುವುದು ನೆಚ್ಚಿಕೆಗೆ ಸಾಲದು, ಅಪಾಯವೂ ಅತ್ಯಲ್ಪ, ಆದ್ದರಿಂದ ಬರೆದರೆ ಅನಗತ್ಯ ಕೊಲೊನೋಸ್ಕೋಪಿಗಳಷ್ಟೇ ಹೆಚ್ಚುತ್ತವೆ ಎಂಬುದು ರೇಡಿಯಾಲಜಿಸ್ಟರ ವಾದ. ಕಂಡ ಪಾಲಿಪ್ ಎಷ್ಟೇ ಚಿಕ್ಕದಿರಲಿ ತೆಗೆದುಬಿಡಬೇಕು ಎನ್ನುವುದು ಕೊಲೊನೋಸ್ಕೋಪಿ ಮಾಡುವವರ ರೂಢಿ. ವಿಸ್ಕಾನ್ಸಿನ್ನಿನ 561 ಮತ್ತು 2,434ರ ಅಂತರದ ಹಿಂದೆ ಮುಖ್ಯವಾಗಿ ಇರುವುದು ಇದೇ ಭಿನ್ನಾಭಿಪ್ರಾಯ. ಅಂಕಿಗಳು ರೇಡಿಯಾಲಜಿಸ್ಟರ ಕಡೆಗೇ ವಾಲುತ್ತವೆ ಎನಿಸುತ್ತದೆ, ಐದು ವರ್ಷಕ್ಕೊಮ್ಮೆ ತಪ್ಪದೆ ಬರುವವರಿಗಾದರೆ. ಮಾಮೂಲಿ ಕೊಲೊನೋಸ್ಕೋಪಿಯಲ್ಲಿ ಏನೂ ಸಿಗದಿದ್ದರೆ ಹತ್ತು ವರ್ಷ ನಿಶ್ಚಿಂತೆ; ಇಲ್ಲಿ ಅದರ ಅರ್ಧ.

ತಪ್ಪಿಸಿಕೊಳ್ಳುವವೂ ಇವೆ. ಗೋಡೆಗೆ ಒತ್ತಿಕೊಂಡು ಚಪ್ಪಟೆಯಾಗಿ ಬೆಳೆಯುವ ಗಂಟುಗಳು ಸ್ಕ್ಯಾನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಗುದದ್ವಾರದ ಅಂಚಿನಲ್ಲಿರುವುದೂ ನಳಿಕೆಯ ಮರೆಯಲ್ಲಿ ಉಳಿಯಬಹುದು.

ಕರುಳಿನಾಚೆ ಕಂಡದ್ದು

ಸಿ.ಟಿ. ಯಂತ್ರಕ್ಕೆ ಕರುಳು ಮಾತ್ರ ಕಾಣಿಸು ಎಂದು ಹೇಳಲಾಗದು. ಮೂತ್ರಪಿಂಡ, ಯಕೃತ್ತು, ಮಹಾಪಧಮನಿ, ಬೆನ್ನುಮೂಳೆ ಎಲ್ಲವೂ ಚಿತ್ರದಲ್ಲಿ ಬರುತ್ತವೆ. ವರದಿಯಲ್ಲಿ ‘ಇ’ ಅಕ್ಷರದ ಕೆಳಗೆ ಬರುವುದು ಇವು. ಹೊಟ್ಟೆಯ ಮಹಾಪಧಮನಿ ಉಬ್ಬಿರುವುದೋ ಕಿಡ್ನಿಯ ಗಡ್ಡೆಯೋ ಸಕಾಲದಲ್ಲಿ ಸಿಕ್ಕಿ ಜೀವ ಉಳಿದವರಿದ್ದಾರೆ. ಬಹಳ ಮಂದಿಗೆ ಸಿಗುವುದು ಮಾತ್ರ ಕಿಡ್ನಿಯಲ್ಲಿ ನೀರಿನ ಗುಳ್ಳೆ, ಪಿತ್ತಕೋಶದ ಕಲ್ಲಿನಂಥ ನಿರುಪದ್ರವಿ ಸುದ್ದಿ. ಅದರ ಬೆನ್ನುಹತ್ತಿ ಅಲ್ಟ್ರಾಸೌಂಡ್, ಮತ್ತೊಂದು ಸಿ.ಟಿ. ಎಂದು ಹಣವೂ ನಿದ್ದೆಯೂ ಹೋಗುವುದುಂಟು. ಇ1, ಇ2 ಎಂದಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇ4 ಎಂದಿದ್ದರೆ ಮುಂದಿನ ತಪಾಸಣೆ ತಪ್ಪಿಸಬಾರದು. ಸ್ಕ್ರೀನಿಂಗಿಗೆ, ಅಂದರೆ ತೊಂದರೆಯಿಲ್ಲದವರ ತಪಾಸಣೆಗೆ, ಬಳಸುವುದು ಕಡಿಮೆ ವಿಕಿರಣದ, ರಕ್ತನಾಳಕ್ಕೆ ಔಷಧ ಕೊಡದ ಸ್ಕ್ಯಾನ್ ಆದ್ದರಿಂದ ಇದನ್ನು ಇಡೀ ಹೊಟ್ಟೆಯ ತಪಾಸಣೆ ಎಂದು ಭಾವಿಸುವಂತೆಯೂ ಇಲ್ಲ.

ವಿಕಿರಣದ ಪ್ರಮಾಣ ಸಾಮಾನ್ಯವಾಗಿ 3ರಿಂದ 6 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯರಿಗೆ ವರ್ಷಕ್ಕೆ ತಾನಾಗಿ ತಾಗುವುದು ಜಾಗತಿಕ ಸರಾಸರಿಯಲ್ಲಿ ಸುಮಾರು 2.4. ಐವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಇಷ್ಟು ದೊಡ್ಡ ಚಿಂತೆಯಲ್ಲ. ಗರ್ಭಿಣಿಯರಿಗೆ ಮಾಡುವುದಿಲ್ಲ. ಕರುಳು ತೂತಾಗುವ ಅಪಾಯ ಪೂರ್ತಿ ಇಲ್ಲವೆನ್ನಲಾಗದಿದ್ದರೂ ತೀರಾ ವಿರಳ.

ಯಾರಿಗೆ ಬೇಡ

ಮಲದಲ್ಲಿ ರಕ್ತ ಕಾಣುತ್ತಿರುವವರು, ಕಾರಣ ತಿಳಿಯದೆ ಕಬ್ಬಿಣಾಂಶ ಕುಗ್ಗಿ ರಕ್ತಹೀನತೆ ಬಂದವರು, ಮಲದ ಗುಪ್ತರಕ್ತ ಪರೀಕ್ಷೆ ಪಾಸಿಟಿವ್ ಬಂದವರು ನೇರವಾಗಿ ಕೊಲೊನೋಸ್ಕೋಪಿಗೇ ಹೋಗಬೇಕು. ಅವರಲ್ಲಿ ಏನಾದರೂ ಸಿಗುವ ಸಂಭವ ಹೆಚ್ಚು, ಸಿಕ್ಕಿದ್ದನ್ನು ಅಲ್ಲೇ ತೆಗೆದು ಬಯಾಪ್ಸಿಗೆ ಕಳಿಸಬಹುದು. ಲಿಂಚ್ ಸಿಂಡ್ರೋಮಿನಂಥ ಆನುವಂಶಿಕ ಕ್ಯಾನ್ಸರಿನ ಮನೆತನದವರಿಗೆ, ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಕೂಡ ಇದು ತಕ್ಕುದಲ್ಲ. ಕರುಳಿನ ಉರಿಯೂತ ಜೋರಾಗಿರುವಾಗ, ಇತ್ತೀಚೆಗಷ್ಟೇ ದೊಡ್ಡ ಪಾಲಿಪ್ ತೆಗೆಸಿದಾಗ ಅನಿಲ ತುಂಬುವುದೇ ಅಪಾಯ.

ಹೇಳಿ ಮಾಡಿಸಿದಂತೆ ಒದಗುವುದು ಇನ್ನೊಂದು ಗುಂಪಿಗೆ. ಕರುಳು ಬಹಳ ಸುತ್ತಿಕೊಂಡಿದ್ದರಿಂದಲೋ ಗಡ್ಡೆ ಅಡ್ಡ ಬಂದಿದ್ದರಿಂದಲೋ ಕೊಲೊನೋಸ್ಕೋಪ್ ಅರ್ಧದಲ್ಲೇ ನಿಂತಿದ್ದರೆ, ಅದೇ ದಿನ ಸ್ಕ್ಯಾನ್ ಮಾಡಿ ಉಳಿದ ಭಾಗ ನೋಡಬಹುದು. ಕರುಳನ್ನು ಇನ್ನೊಮ್ಮೆ ತೊಳೆಯುವ ಕಷ್ಟ ತಪ್ಪುತ್ತದೆ. ಮಂಪರು ತಡೆಯಲಾರದ ಹೃದಯ, ಶ್ವಾಸಕೋಶದ ರೋಗಿಗಳಿಗೂ ಇದೇ ಆಸರೆ.

ದೇಶ ದೇಶಗಳಲ್ಲಿ

ಅಮೆರಿಕದ ಕ್ಯಾನ್ಸರ್ ಸೊಸೈಟಿ ಮತ್ತು ತಜ್ಞ ಸಂಘಗಳು 2008ರಲ್ಲೇ ಐದು ವರ್ಷಕ್ಕೊಮ್ಮೆಯ ಈ ಸ್ಕ್ಯಾನನ್ನು ತಾವು ಶಿಫಾರಸು ಮಾಡುವ ತಪಾಸಣೆಗಳ ಪಟ್ಟಿಗೆ ಸೇರಿಸಿದವು. ಮರುವರ್ಷ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಖರ್ಚು ಕೊಡುವುದಿಲ್ಲ ಎಂದಿತು. 2010ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಮಾಡಿಸಿಕೊಂಡದ್ದು ಇದೇ ಪರೀಕ್ಷೆ. ಅಧ್ಯಕ್ಷರಿಗೆ ಆಗುವುದು ಅಜ್ಜಂದಿರಿಗೆ ಏಕಾಗದು ಎಂದು ರೇಡಿಯಾಲಜಿಸ್ಟರು ಕೇಳುತ್ತಲೇ ಬಂದರು. ಮೆಡಿಕೇರ್ ಮನಸ್ಸು ಬದಲಿಸಿ ಖರ್ಚು ಕೊಡಲು ಶುರು ಮಾಡಿದ್ದು 2025ರ ಜನವರಿಯಲ್ಲಿ. ಅಲ್ಲಿ ಸಾಮಾನ್ಯ ಅಪಾಯದವರಿಗೆ ತಪಾಸಣೆ ಆರಂಭಿಸುವ ವಯಸ್ಸು 2021ರಿಂದ 50ರ ಬದಲು 45. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ವೈದ್ಯರು ಆ ವಯಸ್ಸಿಗೇ ನೆನಪಿಸುತ್ತಾರೆ. ಅವರು ವಿಮೆಯವರನ್ನು ಕೇಳಬೇಕಾದದ್ದು ಸ್ಕ್ಯಾನಿನ ಖರ್ಚನ್ನಷ್ಟೇ ಅಲ್ಲ, ಪಾಲಿಪ್ ಸಿಕ್ಕಿದರೆ ಮುಂದಿನ ಕೊಲೊನೋಸ್ಕೋಪಿಯ ಬಿಲ್ಲು ಯಾವ ಲೆಕ್ಕಕ್ಕೆ ಹೋಗುತ್ತದೆ ಎಂಬುದನ್ನೂ. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆ ಮಲದ ಗುಪ್ತರಕ್ತ ಪರೀಕ್ಷೆಯ ಕಿಟ್ಟನ್ನು ಮನೆಗೇ ಕಳಿಸಿ ಶುರು ಮಾಡುತ್ತದೆ. ಕೊಲೊನೋಸ್ಕೋಪಿ ಆಗದವರಿಗೆ ಮಾತ್ರ ಈ ಸ್ಕ್ಯಾನ್.

ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆ. ಮೂವತ್ತು ದಾಟಿದವರಿಗಾಗಿ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿವೆ, ಕರುಳಿನದಿಲ್ಲ. ಬೆಂಗಳೂರಿನಂಥ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಸೆಂಟರುಗಳಲ್ಲಿ ವರ್ಚುವಲ್ ಕೊಲೊನೋಸ್ಕೋಪಿ ಮಾಡುತ್ತಾರೆ. ಆದರೆ ನಮ್ಮಲ್ಲಿ ತೊಡಕು ಬೇರೆ ಕಡೆ ಇದೆ. ಮಲದಲ್ಲಿ ರಕ್ತ ಕಂಡರೆ ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿದು, ಅದಕ್ಕೂ ಬಗ್ಗದಿದ್ದರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ವಿಳಾಸ ಬರೆಸಿರುವ ಕ್ಲಿನಿಕ್ಕಿಗೆ ತಿಂಗಳುಗಟ್ಟಲೆ ಅಲೆಯುವವರು ಕಡಿಮೆಯಿಲ್ಲ. ಅವರಿಗೆ ಬೇಕಾದದ್ದು ಯಾವ ಸ್ಕ್ರೀನಿಂಗೂ ಅಲ್ಲ, ರೋಗ ಪತ್ತೆ. ಅಂದರೆ ವೈದ್ಯರು ಬೆರಳಿಟ್ಟು ಗುದನಾಳ ಪರೀಕ್ಷಿಸುವುದು, ಆಮೇಲೆ ಮಾಮೂಲಿ ಕೊಲೊನೋಸ್ಕೋಪಿ.

ತೊಂದರೆಯಿಲ್ಲದೆ ಮುಂಜಾಗ್ರತೆಗೆಂದು ಮಾಡಿಸುವವರು ಸೆಂಟರಿಗೆ ಫೋನ್ ಮಾಡಿದಾಗ ದರದ ಜೊತೆ ಇನ್ನಷ್ಟು ಕೇಳಬಹುದು: ಗುರುತಿನ ಔಷಧ ಕೊಡುತ್ತೀರಾ, ಉಬ್ಬಿಸುವುದು ಗಾಳಿಯಿಂದಲೋ ಡೈಆಕ್ಸೈಡಿನಿಂದಲೋ, ಎರಡು ಭಂಗಿಯಲ್ಲಿ ತೆಗೆಯುತ್ತೀರಾ, ಓದುವ ಡಾಕ್ಟರಿಗೆ ಈ ಪರೀಕ್ಷೆಯ ತರಬೇತಿ ಇದೆಯೇ, ಪಾಲಿಪ್ ಸಿಕ್ಕರೆ ಅದೇ ದಿನ ತೆಗೆಸುವ ಏರ್ಪಾಡಿದೆಯೇ. ಕೊನೆಯದಕ್ಕೆ ಹೌದು ಎಂಬ ಉತ್ತರ ಬರುವ ಕಡೆಗಳು ಕಡಿಮೆ. ಇಲ್ಲವೆಂದಾದರೆ ಕರುಳನ್ನು ಇನ್ನೊಂದು ಸಲ ತೊಳೆಯಬೇಕಾಗುತ್ತದೆ. ವರದಿಯ ಕಾಗದದ ಜೊತೆ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆಯಬೇಕು. ಮೂರೋ ಐದೋ ವರ್ಷದ ನಂತರ 7 ಮಿಲಿಮೀಟರಿನದು 9 ಆಯಿತೇ ಎಂದು ಅಳೆಯುವವರಿಗೆ ಹಳೆಯ ಚಿತ್ರಗಳೇ ಬೇಕು.